ಅತ್ತೆಯ ಪದ್ಧತಿ, ನನ್ನ ಎಣ್ಣೆಯಿಲ್ಲದ ಎಣಗಾಯಿ

ಎಕ್ಸ್‌ರೇ ಟೇಬಲ್ ಮೇಲೆ ಮಲಗಿದ್ದ ಅಜ್ಜಿಗೆ ನಾನು ಕೇಳಬಾರದ ಪ್ರಶ್ನೆಯೊಂದನ್ನು ಕೇಳಿಬಿಟ್ಟೆ.

ಕೇಳಬೇಕಾದ್ದು ಇಷ್ಟೇ ಇತ್ತು. ಎಲ್ಲಿ ನೋವು, ಯಾವಾಗ ಬಿದ್ದಿರಿ, ಕೊರಳಲ್ಲಿ ಸರ ಗಿರ ಇದೆಯಾ. ನಾನು ಕೇಳಿದ್ದು ಮಾತ್ರ ಬೇರೆ: "ಆಯಿ, ನೀವು ಮಗಳ ಮನ್ಯಾಗ ಊಟ ಮಾಡ್ತೀರೇನ್ರಿ?"

ಮೆಹಕರದ ಅಜ್ಜಿ. ಮೆಟ್ಟಿಲ ಮೇಲೆ ಜಾರಿ ಬಿದ್ದು ಪಕ್ಕೆ ನೋಯಿಸಿಕೊಂಡು ಬಂದಿದ್ದರು. ನೋವು ಮರೆತು ಕತ್ತೆತ್ತಿ ನನ್ನನ್ನೇ ನೋಡಿದರು. "ಯಾಕ್ರಿ ಸಾಹೇಬ್ರ, ಫೋಟೋ ತೆಗಿಲಾಕ ಅದೂ ಹೇಳಬೇಕಾ?"

ಹೇಳಬೇಕಿರಲಿಲ್ಲ. ಆದರೆ ನನಗೆ ಬೇಕಿತ್ತು. ಆ ವಾರ ಭಾಲ್ಕಿಯ ನಮ್ಮ ದವಾಖಾನೆಗೆ ಬಂದ ವಯಸ್ಸಾದ ಹೆಣ್ಣುಮಕ್ಕಳಲ್ಲಿ ಒಬ್ಬರನ್ನೂ ನಾನು ಬಿಟ್ಟಿರಲಿಲ್ಲ. ಭಾತಂಬ್ರಾದವರನ್ನು ಕೇಳಿದೆ. ಹಲಬರ್ಗಾದವರನ್ನು ಕೇಳಿದೆ. ಮೊಣಕಾಲು ತೋರಿಸಲು ಬಂದವರನ್ನು, ಸೊಂಟ ಹಿಡಿದುಕೊಂಡು ಬಂದವರನ್ನು, ಯಾರದೋ ಜೊತೆಗೆ ಸುಮ್ಮನೆ ಬಂದು ಬೆಂಚಿನ ಮೇಲೆ ಕೂತವರನ್ನೂ ಕೇಳಿದೆ. ಒಬ್ಬರಂತೂ "ಉಸಿರು ಹಿಡೀರಿ" ಎಂದ ಕ್ಷಣದಲ್ಲೇ ಉತ್ತರ ನೆನಪಾಗಿ ಮಾತು ಶುರುಮಾಡಿದರು. ಪುಣ್ಯಕ್ಕೆ ನಾನಿನ್ನೂ ಬಟನ್ ಒತ್ತಿರಲಿಲ್ಲ.

ಇಂಥ ಗತಿ ನನಗೆ ಯಾಕೆ ಬಂತು? ಎಲ್ಲಕ್ಕೂ ಕಾರಣ ಒಂದು ಬೇಸಿಗೆ ಪ್ರವಾಸ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದ ಹೊಸ ಓದುಗರಿಗೆ: ಎಕ್ಸ್‌ರೇ ಟೆಕ್ನೀಷಿಯನ್. ಮನೆ ಬೀದರ, ಡ್ಯೂಟಿ ಭಾಲ್ಕಿ.) ದಿನವಿಡೀ ನನ್ನದು ಎರಡೇ ಡೈಲಾಗು. "ಉಸಿರು ಹಿಡೀರಿ." "ಬಿಡ್ರಿ." ಇಷ್ಟು ವರ್ಷ ಇದನ್ನೇ ಹೇಳುತ್ತ ಬಂದ ಮನುಷ್ಯನಿಗೆ ಸಂಜೆ ಮನೆಗೆ ಬಂದ ಮೇಲೆ ಇನ್ನೇನಾದರೂ ಮಾಡಬೇಕು ಅನ್ನಿಸುವುದಿಲ್ಲವೇ? ಕೆಲವರು ಗಿಡ ಬೆಳೆಸುತ್ತಾರೆ. ಕೆಲವರು ವಾಕಿಂಗ್ ಹೋಗಿ ರಾಜಕೀಯ ಮಾತಾಡಿಕೊಂಡು ಬರುತ್ತಾರೆ. ನಾನು ಅಡುಗೆ ಹಿಡಿದೆ.

ಹೆಂಡತಿ ಶೈಲಾಳಿಗೆ ಪೋಸ್ಟ್ ಆಫೀಸಿನ ಕೌಂಟರ್ ಕೆಲಸ. ಸಂಜೆ ಮನೆಗೆ ಬಂದರೆ ಅವಳಿಗೆ ಕುರ್ಚಿ ಸಿಕ್ಕರೆ ಸಾಕು. ಹೀಗಾಗಿ ಮದುವೆಯಾದ ಹೊಸದರಲ್ಲೇ ರಾತ್ರಿಯ ಒಲೆ ಮತ್ತು ಭಾನುವಾರದ ಒಲೆ ನನ್ನ ಪಾಲಿಗೆ ಬಂದವು. ಮೊದಲು ಅನಿವಾರ್ಯ, ಆಮೇಲೆ ಹವ್ಯಾಸ, ಈಗ ಹೆಮ್ಮೆ.

ನನ್ನ ಅಡುಗೆಗೆ ಒಂದು ಸಿದ್ಧಾಂತವೂ ಇದೆ. ಡಾಕ್ಟರುಗಳ ಪಕ್ಕದಲ್ಲಿ ಇಷ್ಟು ವರ್ಷ ಕೂತಮೇಲೆ ಬರದೇ ಇರುತ್ತದೆಯೇ? ಎಣ್ಣೆ ಕಡಿಮೆ ಮಾಡಿ, ಉಪ್ಪು ಕಡಿಮೆ ಮಾಡಿ, ಖಾರ ಕಡಿಮೆ ಮಾಡಿ. ಅವರು ಪೇಷಂಟುಗಳಿಗೆ ಹೇಳುತ್ತಾರೆ, ಪೇಷಂಟುಗಳು ಹೊರಗೆ ಹೋಗಿ ಮಿರ್ಚಿ ಭಜಿ ತಿನ್ನುತ್ತಾರೆ, ನಾನೊಬ್ಬ ಕೇಳಿಸಿಕೊಂಡೆ. ಓಟ್ಸ್ ಖಿಚಡಿ, ಹೆಸರುಬೇಳೆಯ ಸೂಪು, ಸೋರೆಕಾಯಿ ಪಲ್ಯ. ಇವೆಲ್ಲದರ ಮೇಲೆ ಕಿರೀಟ ಇಟ್ಟಂತೆ ನನ್ನ ಸ್ಪೆಷಲ್ ಬದನೆಕಾಯಿ: ಎಣ್ಣೆಯಿಲ್ಲದ ಎಣಗಾಯಿ. (ಎಣ್ಣೆ ಇಲ್ಲದೆ ಎಣಗಾಯಿ ಹೇಗೆ ಎಂದು ಕೇಳುವವರಿದ್ದಾರೆ. ನಾನು ಅವರ ಮಾತಿಗೆ ಕಿವಿಗೊಡುವುದಿಲ್ಲ.)

ಮನೆಯಲ್ಲಿ ಯಾವತ್ತೂ ತಕರಾರಿಲ್ಲ. ಶೈಲಾ "ಛಲೋ ಆಗ್ಯಾದ್ರಿ" ಅನ್ನುತ್ತಾಳೆ. ಈಗಷ್ಟೇ ಪಿಯುಸಿ ಮುಗಿಸಿದ ಮಗಳು ಪೂಜಾ ಮೊಬೈಲಿನಿಂದ ಕಣ್ಣು ತೆಗೆಯದೆ "ಸೂಪರ್ ಪಪ್ಪಾ" ಅನ್ನುತ್ತಾಳೆ. ಒಬ್ಬ ಅಡುಗೆಯವನಿಗೆ ಇನ್ನೇನು ಬೇಕು?

ಸರಿ, ಪ್ರವಾಸಕ್ಕೆ ಬರೋಣ.

ಈ ಬೇಸಿಗೆ ಹೇಗಿತ್ತು ಅಂತ ಬೀದರಿನವರಿಗೆ ಹೇಳಬೇಕಾಗಿಲ್ಲ. ಕೂಲರಿಗೆ ನೀರು ಹಾಕುವುದೇ ಇನ್ನೊಂದು ನೌಕರಿ ಆಗಿತ್ತು. ಕೂಲರ್ ಎದುರಿಗಿನ ಜಾಗಕ್ಕೆ ಮನೆಯಲ್ಲಿ ದಿನಾ ಜಗಳ. ಹಾಗಿರುವಾಗ ನನಗೆ ರಜೆ ಮಂಜೂರಾಯಿತು. ಎಷ್ಟೋ ವರ್ಷದ ಮೇಲೆ, ಮೇ ತಿಂಗಳಲ್ಲಿ, ಒಟ್ಟಿಗೆ ರಜೆ! ಅವತ್ತೇ ಸಂಜೆ ಮಹಾಬಳೇಶ್ವರದಲ್ಲಿ ಒಂದು ಕಾಟೇಜ್ ಹಿಡಿದೆ. ಯಾವ ಕಾಟೇಜ್ ಗೊತ್ತಾ? ಅಡುಗೆಮನೆ ಇರುವ ಕಾಟೇಜ್. ಉಳಿದವರು ಫೋಟೋದಲ್ಲಿ ಕಣಿವೆ ನೋಡಿದರು. ನಾನು ಒಲೆ ನೋಡಿದೆ. ತಣ್ಣನೆ ಗಾಳಿ, ಕಿಟಕಿಯಾಚೆ ಬೆಟ್ಟ, ಬಾಣಲೆಯಲ್ಲಿ ನನ್ನ ಎಣಗಾಯಿ. ಯಾವ ವ್ಯೂ ಪಾಯಿಂಟಿಗೆ ಹೋಗಬೇಕು ಅಂತ ಠರಾಯಿಸುವ ಮೊದಲೇ ನನ್ನ ಮೆನು ತಯಾರಿತ್ತು.

ಶೈಲಾ ಒಂದೇ ಕಂಡೀಶನ್ ಹಾಕಿದಳು. "ಅವ್ವ ಬರಬೇಕು. ಅಕಿ ಬರಂಗಿಲ್ಲ ಅಂದ್ರ ನಾನೂ ಬರಂಗಿಲ್ಲ. ನೀವು ಅಪ್ಪ-ಮಗಳು ಹೋಗಿ ಬರ್ರಿ."

ಅವ್ವ ಅಂದರೆ ನನ್ನ ಅತ್ತೆ, ಕಮಲಾಬಾಯಿ. ಊರು ಔರಾದ. ಮಗ, ಸೊಸೆ ರೇಖಾ, ಮೊಮ್ಮಕ್ಕಳು ತುಂಬಿದ ಮನೆ. ಆ ಮನೆಯಲ್ಲಿ ಯಾರಾದರೊಬ್ಬರು ಯಾರನ್ನಾದರೂ ಕೂಗುತ್ತಲೇ ಇರುತ್ತಾರೆ, ಹೆಚ್ಚಾಗಿ ಅತ್ತೆಯೇ. ಊರಿನ ಯಾರೋ ಹೆಣ್ಣುಮಗಳು ಮಹಾಬಳೇಶ್ವರಕ್ಕೆ ಹೋಗಿ ಬಂದು ಅವರ ತಲೆ ಕೆಡಿಸಿದ್ದಳು. ಅಂದಿನಿಂದ ಫೋನ್ ಮಾಡಿದಾಗಲೆಲ್ಲ ಶೈಲಾಳಿಗೆ ಅದೇ ಪ್ರಶ್ನೆ: "ಅಲ್ಲಿ ಮೋಡ ಕಿಟಕ್ಯಾಗಿಂದ ಮನಿ ಒಳಗ ಬರ್ತದಂತ, ಖರೇನಾ?"

ಇಷ್ಟು ಆಸೆ ಇದ್ದವರು ಕರೆದರೆ ಹಾರಿಕೊಂಡು ಬರಬೇಕಲ್ಲ? ನಾನೇ ಫೋನ್ ಮಾಡಿದೆ.

"ಬರಬೇಕಂತ ಆಸಿ ಭಾಳ ಅದರಿ. ಆದ್ರ ನಾ ಮಗಳ ಮನಿ ಅನ್ನ ಉಣ್ಣಂಗಿಲ್ಲ, ನಿಮಗ ಗೊತ್ತೇ ಅದ. ಅಷ್ಟ ದಿನ ಏನ ಉಣ್ಲಿ ನಾ?"

ಗೊತ್ತಿತ್ತು. ಅದು ಅವರ ಹಳೆಯ ಪದ್ಧತಿ. ಕಣ್ಣು ತೋರಿಸಲೋ ಮದುವೆಯ ಸೀರೆ ಕೊಳ್ಳಲೋ ಬೀದರಿಗೆ ಬಂದರೆ ನಮ್ಮ ಮನೆಗೇ ಬರುತ್ತಾರೆ, ಆದರೆ ಕೈಯಲ್ಲಿ ಸ್ಟೀಲ್ ಡಬ್ಬಿ ಇದ್ದೇ ಇರುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪಗೆ ಹೊಳೆಯುವ ಪಲ್ಯ. ನಾನು ಎಷ್ಟು ಒತ್ತಾಯ ಮಾಡಿದರೂ ನಮ್ಮ ಒಲೆಯದು ಮುಟ್ಟುವುದಿಲ್ಲ. ಪಾಪ, ಒಬ್ಬರೇ ತಿನ್ನಬಾರದೆಂದು ಶೈಲಾ ಕಂಪನಿಗೆ ಕೂಡುತ್ತಾಳೆ. ಅಜ್ಜಿಯ ಮೇಲಿನ ಪ್ರೀತಿಗೆ ಪೂಜಾಳೂ ಕೂಡುತ್ತಾಳೆ. ನಾನು ಮಾಡಿದ್ದನ್ನು ನಾನೊಬ್ಬನೇ ತಿನ್ನುತ್ತೇನೆ. ಪದ್ಧತಿ ಅಂದಮೇಲೆ ಗೌರವಿಸಬೇಕಲ್ಲ?

ಆದರೂ ಒಂದು ಪ್ರಯತ್ನ ಮಾಡಿದೆ. "ಅತ್ತಿ, ಅದು ಮಗಳ ಮನಿ ಅಲ್ರಿ, ಬಾಡಿಗಿ ಕಾಟೇಜ್ ಅದ."

"ಅಲ್ಲಿ ಅಡಗಿ ಯಾರು ಮಾಡ್ತಾರ?"

"ನಾನೇರಿ! ಮೂರೂ ಹೊತ್ತು ನಂದೇ ಅಡಗಿ."

"ಹಾಂ. ಮತ್ತ? ನೀವೇ ಹೋಗಿ ಬರ್ರಿ" ಎಂದರು ಅತ್ತೆ. ಫೋನ್ ಇಟ್ಟರು.

ಶೈಲಾ ಸೂಟ್‌ಕೇಸನ್ನು ಅಟ್ಟದ ಮೇಲೆ ವಾಪಸು ಇಟ್ಟಳು. ನಮ್ಮ ಮನೆಯಲ್ಲಿ ಜಗಳಕ್ಕಿಂತ ಅದಕ್ಕೇ ಹೆಚ್ಚು ಹೆದರಬೇಕು.

ಈಗ ಹೇಳಿ, ನಾನು ಪೇಷಂಟುಗಳನ್ನು ಕೇಳಿದ್ದರಲ್ಲಿ ತಪ್ಪೇನಿದೆ? ಪದ್ಧತಿಯಲ್ಲಿ ಎಲ್ಲಾದರೂ ಒಂದು ಕಿಂಡಿ ಇದ್ದೀತು ಅಂತ ಹುಡುಕುತ್ತಿದ್ದೆ. ಅದನ್ನು ತೋರಿಸಿದವರು, ನನ್ನ ಅತ್ತೆಯ ಕಥೆ ಕೇಳಿದ ಅದೇ ಮೆಹಕರದ ಅಜ್ಜಿ.

"ಅಯ್ಯ, ಅದು ಮೊಮ್ಮಕ್ಕಳು ಹುಟ್ಟೂತನಕ ಅಷ್ಟೇರಿ! ಮಗಳಿಗಿ ಒಂದು ಕೂಸು ಆತಂದ್ರ ಆ ಪದ್ಧತಿ ಖತಂ. ಆಮ್ಯಾಲ ಹೊಟ್ಟಿ ತುಂಬ ಉಣ್ಣಬಹುದು. ನಾ ಉಣ್ಣಂಗಿಲ್ಲೇನು? ವಾರಗಟ್ಲೆ ಇದ್ದು ಉಂಡು ಬರ್ತೇನಿ." ಪಕ್ಕೆ ಹಿಡಿದುಕೊಂಡೇ ನಕ್ಕರು. ಆಮೇಲೆ ಮುಖ ಸಣ್ಣದು ಮಾಡಿ, "ನಿಮ್ಮತ್ತಿಗಿ ಇದು ಯಾರೂ ಹೇಳೇ ಇಲ್ಲೇನ್ರಿ? ಇಷ್ಟ ವರ್ಷ ಡಬ್ಬಿ ಕಟಗೊಂಡು ತಿರಗ್ಯಾಡ್ಯಾಳಾ? ಪಾಪ!" ಎಂದರು.

ಭಾತಂಬ್ರಾದವರೂ ಅದನ್ನೇ ಹೇಳಿದರು. ಹಲಬರ್ಗಾದವರೂ ತಲೆ ಆಡಿಸಿದರು. ಒಬ್ಬರು ಮಾತ್ರ ಮಗ್ಗಲು ಬದಲಿಸುತ್ತ, "ಉಣ್ಣಲಾರದಕ್ಕ ಪದ್ಧತಿನೇ ಕಾರಣ ಇರಬೇಕಂತಿಲ್ಲ. ನಿಮ್ಮತ್ತಿ ಹಲ್ಲು ಬರೋಬರ್ ಅವೇನ್ರಿ?" ಎಂದು ಕೇಳಿದರು. ಆಗ ನನಗೆ ಆ ಪ್ರಶ್ನೆಯ ಅರ್ಥವೇ ಆಗಲಿಲ್ಲ.

ಅತ್ತೆಯನ್ನು ನೆನೆಸಿ ನನಗೂ ಪಾಪ ಅನ್ನಿಸಿತು. ನಿಯಮ ಎಂದೋ ಮುಗಿದಿದೆ, ಗೊತ್ತಿಲ್ಲದೆ ಆಕೆ ಪಾಲಿಸುತ್ತಲೇ ಇದ್ದಾರೆ! ಯಾರಾದರೂ ಹೋಗಿ ಬಿಡುಗಡೆ ಮಾಡಬೇಡವೇ? ನಾನೇ ಮಾಡುತ್ತೇನೆ ಎಂದುಕೊಂಡೆ.

ಭಾನುವಾರ ಮೂವರೂ ಔರಾದಿಗೆ ಹೋದೆವು. ದಾರಿಯುದ್ದಕ್ಕೂ ನನ್ನ ಮಾತನ್ನು ಮನಸ್ಸಿನಲ್ಲೇ ಪ್ರಾಕ್ಟೀಸ್ ಮಾಡಿದೆ. ಹೇಳಲಿರುವುದೇನು ಅಂತ ಶೈಲಾಳಿಗೂ ಬಿಟ್ಟುಕೊಡಲಿಲ್ಲ. ಸರ್‌ಪ್ರೈಸ್.

ಅತ್ತೆ ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಒಳಗೆ ರೇಖಾ ರೊಟ್ಟಿ ಬಡಿಯುತ್ತಿದ್ದಳು. ನಾನು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ತೀರ್ಪು ಓದುವವರ ಹಾಗೆ ಶುರುಮಾಡಿದೆ.

"ಅತ್ತಿ, ನಾ ಹತ್ತ ಊರಿನ ಹಿರೇರ್‌ನ ಕೇಳಿ ಬಂದೀನ್ರಿ. ಮೊಮ್ಮಗಳು ಹುಟ್ಟಿದ ದಿನಾನೇ ಆ ಪದ್ಧತಿ ಮುಗದದ. ಪೂಜಾ ನೋಡ್ರಿ, ನನಗಿಂತ ಎತ್ತರ ಆಗ್ಯಾಳ. ಇನ್ನ ನೀವು ನಮ್ಮನ್ಯಾಗ ಬಿನ್ ಫಿಕರ್ ಉಣ್ಣಬಹುದು!"

ನಾನು ಅಂದುಕೊಂಡಿದ್ದು ಅತ್ತೆಯ ಕಣ್ಣಲ್ಲಿ ನೀರು ಬರುತ್ತದೆ ಅಂತ. ಆದದ್ದು ಬೇರೆ. ಬೆಳ್ಳುಳ್ಳಿ ಬಿಡಿಸುವ ಕೈ ನಿಂತಿತು. ಶೈಲಾಳ ಕಡೆ ಒಂದು ನೋಟ ಹೋಯಿತು. ಶೈಲಾ ಸೀರೆಯ ಸೆರಗಿನಲ್ಲಿ ಏನೋ ಹುಡುಕತೊಡಗಿದಳು. ಪೂಜಾ ಫ್ಯಾನ್ ನೋಡಿದಳು.

"ಹೌದೇನ್ರಿ?" ಎಂದರು ಅತ್ತೆ. "ಆದ್ರ ನಂದು ಸೋಮವಾರ ಉಪವಾಸ ಇರ್ತದ."

"ಚಿಂತಿ ಬ್ಯಾಡ್ರಿ. ಸಾಬುದಾಣಿ ಖಿಚಡಿ ಮಾಡ್ತೀನಿ."

"ನೀವಾ? ಎಣ್ಣಿ ಹಾಕ್ತೀರಿ?"

"ಒಂದ ಹನಿ ಸೈತ ಹಾಕಂಗಿಲ್ರಿ!"

ಅತ್ತೆ ಕಣ್ಣು ಮುಚ್ಚಿ ತೆರೆದರು. "ಮಂಗಳವಾರ ದೇವಿದು ಅದ. ಅವತ್ತೂ ಉಪವಾಸ."

"ಅವತ್ತ ಹಣ್ಣಿನ ಸಲಾಡ್ ಮಾಡಿದ್ರಾತು."

"ಬುಧವಾರಾನೂ ಉಪವಾಸರಿ."

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. "ಅತ್ತಿ, ಬುಧವಾರದ್ದು ಯಾವ ದೇವರ್ರಿ?" ಎಂದು ಕೇಳಿದ ರೇಖಾಗೆ ನಗು ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ಸಾಕ್ರಿ ಇನ್ನ, ಹೇಳಿಬಿಡ್ರಿ. ಪಾಪ, ಅಣ್ಣಾರು ಊರೂರು ಕೇಳ್ಕೋತ ಬಂದಾರ."

"ಏ, ನೀ ಸುಮ್ಮ ಕೂಡು!" ಅತ್ತೆ ಗದರಿದರು. ಆಮೇಲೆ ನನ್ನ ಕಡೆ ತಿರುಗಿ, ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿ, ಒಂದು ದೊಡ್ಡ ಉಸಿರು ಬಿಟ್ಟರು.

"ಸಿಟ್ಟ ಮಾಡ್ಕೋಬ್ಯಾಡ್ರಿ. ಪದ್ಧತಿ ಯಾವಾಗ ಮುಗೀತು ನನಗ ಗೊತ್ತಿಲ್ಲೇನು? ಪೂಜಾನ ಮೊದಲನೇ ಹುಟ್ಟುಹಬ್ಬಕ್ಕ ನಿಮ್ಮನ್ಯಾಗ ಊಟಕ್ಕ ಕುಂತಿದ್ದೆ. ನೀವು ಆ ಬದನಿಕಾಯಿ ಮಾಡಿದ್ರಿ ನೋಡ್ರಿ, ಎಣ್ಣಿ ಇಲ್ದು. ಒಂದ ತುತ್ತ ಬಾಯಾಗ ಇಟ್ಟೆ." ನಿಲ್ಲಿಸಿದರು. ಮುಂದಿನ ಮಾತಿಗೆ ಮರ್ಯಾದೆಯ ಪದ ಹುಡುಕುತ್ತಿದ್ದರು ಅಂತ ಕಾಣುತ್ತದೆ. ಸಿಗಲಿಲ್ಲ. "ದವಾಖಾನಿ ಊಟ ಇದ್ದಂಗ ಇತ್ತರಿ. ನೀವು ಒಳಗ ಕುಕ್ಕರ್ ಇಳಸ್ಲಾಕ ಹೋಗಿದ್ರಿ. ಉಳದದ್ದು ಶೈಲಾನ ತಾಟಿಗೆ ಹಾಕಿಬಿಟ್ಟೆ. ನೀವು ಹೊಳ್ಳಿ ಬಂದು ಇನ್ನಟ ಹಾಕ್ಲೇನು ಅಂದ್ರಿ. ಆಗ ನನಗ ಪದ್ಧತಿ ನೆನಪಾತು."



ಅಂದರೆ ನನ್ನ ಎಣಗಾಯಿಯ ದೆಸೆಯಿಂದ, ಸತ್ತುಹೋದ ಪದ್ಧತಿಯೊಂದನ್ನು ಅತ್ತೆ ಎಬ್ಬಿಸಿ ಕೂರಿಸಿದ್ದರು!

ನಾನು ಶೈಲಾಳನ್ನು ನೋಡಿದೆ. "ನಿನಗ ಗೊತ್ತಿತ್ತಾ?"

ಅವಳು ಮತ್ತೆ ಸೆರಗಿನಲ್ಲಿ ಹುಡುಕತೊಡಗಿದಳು. ಉತ್ತರ ಬೇಕಾಗಿಯೂ ಇರಲಿಲ್ಲ. ಅವ್ವನಿಗೆ ಕಂಪನಿ ಕೊಡುತ್ತ ಅವಳು ಡಬ್ಬಿಯ ರೊಟ್ಟಿ ತಿನ್ನುತ್ತಿದ್ದ ರೀತಿ ಈಗ ನನ್ನ ಕಣ್ಣೆದುರು ಬಂತು. ಅದು ಕಂಪನಿ ಕೊಡುವವರ ಹಸಿವಾಗಿರಲಿಲ್ಲ. ಪೂಜಾ ಮಾತ್ರ ನನ್ನ ಹೆಗಲ ಮೇಲೆ ಕೈ ಇಟ್ಟು, "ಪಪ್ಪಾ, ಪಾಸ್ತಾ ಛಲೋ ಇರ್ತದ" ಎಂದಳು. ಪಾಸ್ತಾದ ಸಾಸು ಅಂಗಡಿಯಿಂದ ತಂದದ್ದು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಬಂತು. ಮೊದಲು ಸಿಟ್ಟು, ಅದರ ಹಿಂದೆ ನಾಚಿಕೆ, ಅದರ ಹಿಂದೆ ಒಂಥರಾ ಬೇಜಾರು. ಇಷ್ಟು ವರ್ಷ "ಸೂಪರ್, ಸೂಪರ್" ಅನ್ನಿಸಿಕೊಂಡು ನಾನು ಮೆರೆದೆನಲ್ಲ! "ಒಮ್ಮೆ ಹೇಳಬಹುದಿತ್ತಲ್ರಿ ಅತ್ತಿ?" ಎಂದೆ. ದನಿ ನನಗೆ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು.

"ಹ್ಯಾಂಗ ಹೇಳ್ಲಿ?" ಅತ್ತೆಯ ದನಿ ಇನ್ನೂ ಜೋರಾಯಿತು. "ದಿನಾ ನೌಕರಿ ಮಾಡಿ ಬಂದು, ಗಂಡಸ ಮನುಷ್ಯ ಒಲಿ ಮುಂದ ನಿಂತು ನನ್ನ ಮಗಳಿಗಿ ಮಾಡಿ ಹಾಕ್ತೀರಿ. ನನ್ನ ಮಗ ಇದ್ದಾನ ನೋಡ್ರಿ, ಒಂದ ಕಪ್ ಚಾ ಸೈತ ಮಾಡಿದವಲ್ಲ. ರೇಖಾನ ಕೇಳ್ರಿ ಬೇಕಾದ್ರ. ನಾ ಅಡಗಿ ಸಪ್ಪ ಅದ ಅಂದು, ನೀವು ಸಿಟ್ಟಿಗೆದ್ದು ಸೌಟ ಕೆಳಗ ಇಟ್ಟಬಿಟ್ರ? ಆಫೀಸಿಂದ ದಣದ ಬಂದು ಒಲಿ ಮುಂದ ನಿಲ್ಲೋರು ಯಾರು? ನನ್ನ ಮಗಳೇ ಅಲ್ಲೇನು? ಅದಕ್ಕ ಪದ್ಧತಿ ಮ್ಯಾಲ ಹಾಕಿದೆ. ಅದರಾಗ ಯಾರಿಗೂ ನೋವಿಲ್ಲ."



ನಾವು ಪದ್ಧತಿ ಅಂದಕೂಡಲೇ ಹಳೆಯದು, ಕುರುಡು ನಂಬಿಕೆ, ತಲೆಯಿಲ್ಲದ್ದು ಅಂತ ಲೇಬಲ್ ಹಚ್ಚಿಬಿಡುತ್ತೇವೆ. ಅದರ ಹಿಂದೆ ಕೂತು ಒಬ್ಬ ಹೆಣ್ಣುಮಗಳು ತನ್ನ ಮಗಳ ಸಂಜೆಗಳನ್ನು ಕಾಯುತ್ತಿರಬಹುದು ಅಂತ ಯಾರಿಗೆ ಹೊಳೆಯುತ್ತದೆ? ಜನರ ಎಲುಬಿನವರೆಗೆ ನೋಡುವುದು ನನ್ನ ಹೊಟ್ಟೆಪಾಡು. ಇಷ್ಟು ಹತ್ತಿರದ ಈ ಸಂಗತಿ ನನಗೆ ಕಂಡಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ರೇಖಾ ಎಣಗಾಯಿಯನ್ನೇ ಮಾಡಿದ್ದಳು. (ಬೇಕಂತಲೇ ಇರಬೇಕು.) ಮೇಲೆ ಎಣ್ಣೆ ತೇಲುತ್ತಿತ್ತು. ಮೊದಲ ರೊಟ್ಟಿಯನ್ನು ಸಿಟ್ಟಿನಲ್ಲಿ ತಿಂದೆ. ಎರಡನೆಯದನ್ನು ಸಿಟ್ಟು ಮರೆತು ತಿಂದೆ. ಆಮೇಲೆ ಎಷ್ಟು ತಿಂದೆನೋ, ಕೇಳಬೇಡಿ.

ಆದರೆ ಪ್ರವಾಸದ ಪ್ರಶ್ನೆ ಹಾಗೇ ಇತ್ತಲ್ಲ? ಅತ್ತೆ ಬರಬೇಕು, ಇಲ್ಲವಾದರೆ ಶೈಲಾ ಬರುವುದಿಲ್ಲ. ರಜೆ ಹತ್ತಿರ ಬರುತ್ತಿದೆ.

ಊಟದ ಮೇಲೆ ಅತ್ತೆಯೇ ದಾರಿ ಹೇಳಿದರು. "ಬರ್ತೇನಿ ತಗೋರಿ. ಆದ್ರ ಅಲ್ಲಿ ಅಡಗಿ ನಾ ಮಾಡ್ತೇನಿ."

ಶೈಲಾ ಒಪ್ಪಲಿಲ್ಲ. "ಏನವ್ವ, ಹುಟ್ಟಿದಾಗಿಂದ ಒಲಿ ಮುಂದ ಕುಂತಿದಿ. ಅಷ್ಟ ದೂರ ಹೋಗಿ ಅಲ್ಲೂ ಒಲಿನೇ ನೋಡೋದಾದ್ರ ಇಲ್ಲೇ ಇರು. ನೀ ಅಲ್ಲಿ ಮೋಡ ನೋಡಬೇಕು."

"ಹೋಟೆಲ್‌ನಾಗ ಉಂಡ್ರಾತು" ಎಂದಳು ಪೂಜಾ.

"ಆ ಕಡಿ ಹೋಟೆಲ್‌ನಾಗ ಬ್ಯಾಳಿಗಿ ಸಕ್ಕರಿ ಹಾಕ್ತಾರಂತ, ನಾ ಉಣ್ಣಂಗಿಲ್ಲ" ಎಂದರು ಅತ್ತೆ. ಈಗ ಅವರಿಗೆ ಯಾವ ದೇವರ ನೆಪವೂ ಬೇಕಿರಲಿಲ್ಲ.

ಎಲ್ಲರೂ ನನ್ನನ್ನು ನೋಡಿದರು. ನಾನು ನನ್ನ ಸಿದ್ಧಾಂತವನ್ನು ನೋಡಿದೆ. ಕೊನೆಗೆ ಬಾಯಿಬಿಟ್ಟೆ: "ಅಡಗಿ ನಾನೇ ಮಾಡ್ತೀನ್ರಿ. ನೀವು ಕಲಸ್ರಿ."

ಹೀಗೆ ಶುರುವಾಯಿತು ನಮ್ಮ ಪ್ರವಾಸದ ತಯಾರಿ. ಉಳಿದವರು ಟೂರಿಗೆ ಮೊದಲು ಕೂಲಿಂಗ್ ಗ್ಲಾಸ್ ಕೊಳ್ಳುತ್ತಾರೆ, ಟೋಪಿ ಕೊಳ್ಳುತ್ತಾರೆ. ನಾನು ಪ್ರತಿ ಭಾನುವಾರ ಔರಾದಿಗೆ ಹೋಗಿ ಒಗ್ಗರಣೆ ಕಲಿತೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹುಕುಂ ಕೊಡುವುದು, ನಾನು ಬಾಣಲೆ ಎದುರು ಬೆವರುವುದು.

"ಎಣ್ಣಿ ಹಾಕ್ರಿ."

"ಸಾಕಲ್ರಿ?"

"ಬುಡ ಹಸಿ ಆಗಿಲ್ಲ ಇನ್ನಾ, ಸಾಕಂತ ಹ್ಯಾಂಗ ಅಂತೀರಿ? ಹಾಕ್ರಿ. ಹೆದರಬ್ಯಾಡ್ರಿ, ಎಣ್ಣಿ ಅದ, ಹಾವಲ್ಲ."

ಖಾರದ ಪುಡಿಗೆ ಚಮಚೆ ಹಾಕಿದರೆ ಅವರಿಗೆ ನಗು. ಕೈ ಹಾಕಬೇಕಂತೆ. ಶೇಂಗಾ ಹುರಿಯುವಾಗ ಫೋನ್ ಬಂತು ಅಂತ ಒಮ್ಮೆ ಆಚೆ ಹೋದೆ. ವಾಪಸು ಬಂದಾಗ ಶೇಂಗಾ ಕರ್ರಗಾಗಿತ್ತು, ಅತ್ತೆ ಕೆಂಪಗಾಗಿದ್ದರು. "ಒಲಿ ಮ್ಯಾಲ ಇಟ್ಟು ಹೋಗಿ ಮಾತಾಡ್ತೀರಿ? ಪೇಷಂಟ್‌ಗ ಹಿಂಗೇ ಉಸಿರ ಹಿಡಿ ಅಂದು ಎದ್ದು ಹೋಗ್ತೀರೇನು?" ನನ್ನ ಅತ್ತೆ ನನ್ನನ್ನು ಗದರಿದ್ದು ಅದೇ ಮೊದಲು. ರೇಖಾ ಒಳಗಿನಿಂದ ಕಿಸಕ್ಕನೆ ನಕ್ಕಳು. ನನ್ನ ಭಾಮೈದನೂ ಸುಮ್ಮನೆ ಬಂದು ಬಾಗಿಲಲ್ಲಿ ನಿಂತು ನೋಡಿದ. ಅವನಿಗೂ ಒಂದು ಚಹಾ ಮಾಡಲು ಕಲಿಸಿ ಅಂತ ನಾನು ಕೇಳಿಕೊಂಡೆ. ನಿಂತವನು ಅಲ್ಲಿಂದ ಮಾಯವಾದ.

ಭಾಲ್ಕಿಯಲ್ಲಿ ಈ ಕಥೆಯನ್ನೆಲ್ಲ ನಮ್ಮ ಸುಗುಣಾ ಸಿಸ್ಟರ್‌ಗೆ ಹೇಳಿದೆ. ಅವರಾದರೂ ನನ್ನ ಪರ ನಿಲ್ಲುತ್ತಾರೆ ಅಂತ ಆಸೆ. ಎಷ್ಟೋ ಸಲ ನನ್ನ ಡಬ್ಬಿಯ ಓಟ್ಸ್ ಖಿಚಡಿ ತಿಂದು "ಥ್ಯಾಂಕ್ಯೂ ಸರ್" ಎಂದವರು ಅವರು. ಸಿಸ್ಟರ್ ಇಂಜೆಕ್ಷನ್ ಟ್ರೇ ಜೋಡಿಸುತ್ತ ತಣ್ಣಗೆ, "ಸರ್, ಅದು ಪೇಷಂಟ್‌ಗೆ ಕೊಡಲಿಕ್ಕೆ ಭಾಳ ಒಳ್ಳೇದು ಅಂತ ನನಗ ಆವಾಗ್ಲೇ ಅನಸಿತ್ತರಿ" ಎಂದರು.

ನೋಡಿದಿರಾ? ಒಬ್ಬರೂ ಇಲ್ಲ.

ಪ್ರವಾಸದ ಹಿಂದಿನ ದಿನ ಸಂಜೆ ಅತ್ತೆ ಬೀದರಿಗೆ ಬಂದಿಳಿದರು. ಬರುವ ಮೊದಲೇ ಫೋನಿನಲ್ಲಿ ಹೇಳಿದ್ದರು: "ಇವತ್ತ ಸಂಜಿ ನಿಮ್ಮನ್ಯಾಗ ಉಣ್ತೇನಿ. ಹಿಡಸಿದ್ರ ನಾಳಿ ಗಾಡಿ ಹತ್ತೇನಿ. ಹಿಡಸ್ಲಿಲ್ಲಂದ್ರ ಔರಾದ ಬಸ್ ಹತ್ತೇನಿ." ಇದು ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ. ಶೈಲಾಳಿಗೂ ತಿಳಿಯಲಿಲ್ಲ. ಅವಳು ಅಟ್ಟದಿಂದ ಸೂಟ್‌ಕೇಸ್ ಇಳಿಸಿದ್ದಳು, ಆದರೆ ಇನ್ನೂ ತುಂಬಿರಲಿಲ್ಲ.

ಎಣಗಾಯಿಯನ್ನೇ ಮಾಡಿದೆ. ಬೇರೇನೋ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಬಿದ್ದ ಜಾಗದಲ್ಲೇ ಏಳಬೇಕು ಅಂತ ಹಟ. ಎಣ್ಣೆ ಹಾಕಿದೆ. ಇನ್ನೂ ಹಾಕಿದೆ. ಕಣ್ಣು ಮುಚ್ಚಿಕೊಂಡು ಇನ್ನೊಂದಿಷ್ಟು ಹಾಕಿದೆ. ರೊಟ್ಟಿ ಮಾತ್ರ ಖಾನಾವಳಿಯಿಂದ ತಂದದ್ದು. (ರೊಟ್ಟಿ ಬಡಿಯುವುದು ನನ್ನ ಕೈಗೆ ಈ ಜನ್ಮದಲ್ಲಿ ಒಲಿಯುವಂತೆ ಕಾಣುವುದಿಲ್ಲ.)

ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ಅತ್ತೆಯ ತಾಟಿಗೆ ಬಡಿಸಿದೆ. ಕುಕ್ಕರ್ ಇಳಿಸುವ ನೆಪ ಮಾಡಿ ಒಳಗೆ ಹೋಗಿಬಿಡೋಣ ಅನ್ನಿಸಿತು, ಹೋಗಲಿಲ್ಲ. ಎದುರಿಗೇ ಕೂತೆ. ಅತ್ತೆ ರೊಟ್ಟಿ ಮುರಿದರು. ಬದನೆಕಾಯಿ ಹಿಚುಕಿದರು. ಬಾಯಿಗಿಟ್ಟರು. ದಿನವಿಡೀ ಬೇರೆಯವರಿಗೆ ಉಸಿರು ಹಿಡಿಯಿರಿ ಅನ್ನುವವನು ಅವತ್ತು ನಾನೇ ಹಿಡಿದು ಕೂತಿದ್ದೆ. ಅತ್ತೆ ನಿಧಾನಕ್ಕೆ ಅಗಿದರು. ಇನ್ನೊಂದು ತುತ್ತು. ಮತ್ತೊಂದು. ಮುಖದಲ್ಲಿ ಏನೂ ಕಾಣಲಿಲ್ಲ.

"ಉಪ್ಪು ಕಡಿಮಿ ಅದ" ಎಂದರು. "ಬೆಳ್ಳುಳ್ಳಿ ಹಸಿ ಉಳದದ. ಇನ್ನಾ ಜರಾ ಕುದಿಬೇಕಿತ್ತು. ಶೇಂಗಾ ಯಾಕ ಇಷ್ಟ ನುಣ್ಣಗ ಮಾಡೀರಿ? ಹಲ್ಲಿಗೆ ಸಿಗಬೇಕು."

ಔರಾದ ಬಸ್ಸೇ ಗ್ಯಾರಂಟಿ ಅಂದುಕೊಂಡೆ.

ಅಷ್ಟರಲ್ಲಿ ಶೈಲಾ ಬಾಯಿಬಿಟ್ಟಳು. "ಹೌದ್ರಿ, ಹುಣಸಿಹುಳಿನೂ ಜಾಸ್ತಿ ಆಗ್ಯಾದ."

"ಪಪ್ಪಾ, ಖಾರನೂ ಸಾಲಂಗಿಲ್ಲ" ಎಂದಳು ಪೂಜಾ. ಇವಳು ಮೊಬೈಲ್ ಪಕ್ಕಕ್ಕಿಟ್ಟು ಉಣ್ಣುತ್ತಿದ್ದಳು!

"ಮತ್ತ ಆ ಸೋರೆಕಾಯಿ ಪಲ್ಯ ಇನ್ನ ಮ್ಯಾಲ ಬ್ಯಾಡೇ ಬ್ಯಾಡ್ರಿ" ಎಂದು ಶೈಲಾ ಹಳೆಯ ಲೆಕ್ಕವನ್ನೂ ತೆಗೆದಳು. "ಸೂಪೂ ಬ್ಯಾಡ" ಎಂದಳು ಮಗಳು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು. ಇಷ್ಟು ವರ್ಷ "ಛಲೋ ಆಗ್ಯಾದ್ರಿ" ಎಂಬ ಒಂದೇ ಸಾಲಿನಲ್ಲಿ ಮುಗಿಯುತ್ತಿದ್ದ ನಮ್ಮ ರಾತ್ರಿಯೂಟ ಅವತ್ತು ಸಂತೆಯಾಗಿತ್ತು. ನಾನು ಎಲ್ಲರಿಗೂ ಎದುರುತ್ತರ ಕೊಟ್ಟೆ. ಸೋರೆಕಾಯಿಯನ್ನು ಬಿಟ್ಟುಕೊಟ್ಟೆ, ಸೂಪಿನ ಪರವಾಗಿ ಕೊನೆಯವರೆಗೆ ಹೋರಾಡಿದೆ. ಈ ಗದ್ದಲದ ನಡುವೆ ಅತ್ತೆ ತಾಟು ಮುಂದೆ ಚಾಚಿದ್ದನ್ನು ನಾನು ಮೊದಲು ನೋಡಲೇ ಇಲ್ಲ.

"ಮಾತ ಬಿಡ್ರಿ, ಇನ್ನಟ ಹಾಕ್ರಿ" ಎಂದರು. "ಶೈಲಾ, ನಂದೊಂದು ಸ್ವೆಟರ್ ಇಟಗೊಳೇ. ಅಲ್ಲಿ ಥಂಡಿ ಇರ್ತದಂತ."

ಶೈಲಾ ಎಂಜಲು ಕೈಯಲ್ಲೇ ಎದ್ದು ಸೂಟ್‌ಕೇಸಿನ ಕಡೆ ಓಡಿದಳು.

ಇದನ್ನು ಬರೆಯುತ್ತಿರುವಾಗ ಹೊರಗೆ ಬಾಡಿಗೆಯ ಕ್ರೂಸರ್ ಗಾಡಿ ಬಂದು ನಿಂತಿದೆ. ಅತ್ತೆ ಆಗಲೇ ಡ್ರೈವರ್ ಪಕ್ಕದ ಸೀಟು ಹಿಡಿದು, ನಾನು ಯಾಕೆ ತಡ ಮಾಡುತ್ತಿದ್ದೇನೆ ಅಂತ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಾರೆ. ಮೊನ್ನೆಯವರೆಗೆ ನನ್ನೆದುರು ದನಿ ಎತ್ತದಿದ್ದವರು! ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖ ಇದೆ ಅಂತ ನನಗೆ ಗೊತ್ತಿರಲಿಲ್ಲ. ಉಪ್ಪು ಕಡಿಮೆಯಾಗಿದೆ ಅಂತ ಮುಖಕ್ಕೆ ಹೇಳುವವರು ಮನೆಯವರು. ಹೇಳದೆ ಮರ್ಯಾದೆಗೆ ಉಂಡು ಏಳುವವರು ಬೀಗರು, ಬರೀ ನೆಂಟರು. ಇಷ್ಟು ದಿನ ನನ್ನ ಹೆಂಡತಿ, ಮಗಳೂ ನನಗೆ ಬೀಗರೇ ಆಗಿದ್ದರು.

"ಸೂಪರ್" ಅಂತಷ್ಟೇ ಹೇಳಿ ಕೈ ತೊಳೆದುಕೊಳ್ಳುವ ಬೀಗರು ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದಾರೆ?